ಬೇಸಿಗೆ ರಜೆ: ಮಕ್ಕಳ ಜೊತೆ ಮನೆ ಹತ್ರಾನೇ ಹೊರಗಡೆ ವಿಜ್ಞಾನ, ಪ್ರಕೃತಿ ಅಂತ ಏನೇನ್ ನೋಡ್ಬಹುದು?

ಹೊಂಗೆನೆರಳು (ಬೆಂಗಳೂರು)
ಎಲ್ರಿಗೂ ನಮಸ್ಕಾರ. ಮಗಳು 7ನೇ ಕ್ಲಾಸು, ಮಗ 4ನೇದು. ಪರೀಕ್ಷೆ ಮುಗೀತು, ಇನ್ನು ಮೇ ಕೊನೆವರೆಗೂ ರಜೆ. ನಮ್ ಏರಿಯಾದಲ್ಲಿ ಸಮ್ಮರ್ ಕ್ಯಾಂಪ್ ಅಂದ್ರೆ ರೂಮೊಳಗೆ ಕೂರ್ಸಿ ಕಿಟ್ ಕೊಟ್ಟು ಅದೂ ಇದೂ ಜೋಡಿಸೋದು, ಕೊನೇ ದಿನ ಒಂದು ಸರ್ಟಿಫಿಕೇಟು, ಫೀಸ್ ಕೇಳಿದ್ರೆ ಇಬ್ರಿಗೂ ಸೇರಿ ನಮ್ ಒಂದು ತಿಂಗಳ ಬಾಡಿಗೆ ದಾಟುತ್ತೆ. ನಂಗೆ ಅದು ಬೇಡ. ನಡ್ಕೊಂಡು ಹೋಗೋ ದೂರದಲ್ಲಿ, ಮರ ಹುಳ ಹಕ್ಕಿ ಕಲ್ಲು ಬಿಸಿಲು ಮಳೆ ಏನಿದ್ಯೋ ಅದನ್ನೇ ನೋಡಿ ಏನಾದ್ರೂ ಕಂಡುಕೊಳ್ಳೋ ಹಾಗೆ ಮಾಡ್ಬೇಕು ಅಂತಿದೀನಿ. ನಮ್ಮನೆ ಹತ್ರ ಒಂದು ಸಣ್ಣ ಪಾರ್ಕು, ರಸ್ತೆ ಬದಿ ಹೊಂಗೆ ಮರಗಳು, ಒಂದು ಖಾಲಿ ಸೈಟು, ಮೇಲೆ ಟೆರೇಸು, ಇಷ್ಟೇ ಇರೋದು. ಇಷ್ಟರಲ್ಲಿ ಏನಾಗುತ್ತೆ? ಮಾಡಿ ನೋಡಿದೋರು ಹೇಳಿ.

ನಿವೃತ್ತ ಮೇಷ್ಟ್ರು (ಮೈಸೂರು)
ಅಷ್ಟಿದ್ರೆ ಬೇಕಾದಷ್ಟಾಯ್ತಮ್ಮ. ನಾನು ಹೈಸ್ಕೂಲಲ್ಲಿ ವಿಜ್ಞಾನ ಪಾಠ ಮಾಡಿದೋನು, ಈಗ್ಲೂ ರಜೇಲಿ ಮೊಮ್ಮಕ್ಕಳನ್ನ ಕಟ್ಕೊಂಡು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಸುತ್ತೋದೇ ಕೆಲ್ಸ. ನಾನ್ ಹೇಳೋದು ಒಂದೇ, ದಿನಕ್ಕೊಂದು ಹೊಸ ಜಾಗ ಹುಡುಕ್ಕೊಂಡು ಹೋಗ್ಬೇಡಿ. ಒಂದು ಮರ ಆರಿಸ್ಕೊಳ್ಳಿ, ರಜೆ ಮುಗಿಯೋವರೆಗೂ ಅದೇ ಮರ. ಹೊಂಗೆ ಆದ್ರೆ ಈಗ ಹೊಸ ಎಲೆ ಬಂದು ಹೂ ಉದುರ್ತಾ ಇರುತ್ತೆ, ಹೂವಿಗೆ ಯಾವ ಯಾವ ಜೇನು, ದುಂಬಿ ಬರುತ್ತೆ, ಬೆಳಿಗ್ಗೆ ಏಳಕ್ಕೆ ಎಷ್ಟು, ಹನ್ನೊಂದಕ್ಕೆ ಎಷ್ಟು, ಇದನ್ನ 4ನೇ ಕ್ಲಾಸ್ ಹುಡುಗ ಎಣಿಸ್ತಾನೆ. ದೊಡ್ಡೋಳಿಗೆ ವಾರಕ್ಕೊಂದ್ಸಲ ಎಳೆ ಎಲೆ, ಬಲಿತ ಎಲೆ, ಮೊಗ್ಗು, ಹೂವು, ಕಾಯಿ ಎಷ್ಟೆಷ್ಟಿದೆ ಅಂತ ಬರೆಯೋಕೆ ಹೇಳಿ. ಸೀಸನ್‌ವಾಚ್ ಅಂತ ಒಂದು ಕಾರ್ಯಕ್ರಮ ಇದೆ, ಇದೇ ಥರ ದೇಶದ ಬೇರೆ ಬೇರೆ ಕಡೆಯಿಂದ ಶಾಲೆ ಮಕ್ಕಳು, ದೊಡ್ಡೋರು ತಮ್ ಊರಿನ ಮರದ ಲೆಕ್ಕ ಕಳಿಸ್ತಾರೆ, ಹವಾಮಾನ ಬದಲಾದ್ರೆ ಹೂ ಬಿಡೋ ಕಾಲ ಹೇಗೆ ಹೆಚ್ಚುಕಮ್ಮಿ ಆಗುತ್ತೆ ಅಂತ ತಿಳಿಯೋಕೆ ಅದು ಉಪಯೋಗಕ್ಕೆ ಬರುತ್ತೆ. ನಿಮ್ ಮಗಳ ಲೆಕ್ಕಾನೂ ಅಲ್ಲಿಗೆ ಹೋಗ್ಬಹುದು.

ಇನ್ನೊಂದು, ಈ ಸಮಯದಲ್ಲಿ ಕಾಗೆ ಗೂಡು ಕಟ್ಟುತ್ತೆ. ಗೂಡು ಎಲ್ಲಿದೆ ಅಂತ ಕಂಡುಹಿಡೀರಿ, ಅಲ್ಲೇ ಸುತ್ತಮುತ್ತ ಕೋಗಿಲೆ ಇದ್ದೇ ಇರುತ್ತೆ. ಕುಹೂ ಅಂತ ಕೂಗೋದು ಗಂಡು, ಮೈಯೆಲ್ಲ ಕಪ್ಪು, ಕಣ್ಣು ಕೆಂಪು. ಹೆಣ್ಣು ಕಂದು ಬಣ್ಣ, ಮೈಮೇಲೆ ಬಿಳಿ ಚುಕ್ಕೆ, ಎಷ್ಟೋ ಜನ ಅದನ್ನ ಬೇರೆ ಹಕ್ಕಿ ಅಂದ್ಕೊಂಡಿರ್ತಾರೆ. ಅದು ಕಾಗೆ ಗೂಡಲ್ಲೇ ಮೊಟ್ಟೆ ಇಡೋದು. ಗೂಡಿನ ಹತ್ರ ಹೋಗ್ಬೇಡಿ, ದೂರದಿಂದ ನೋಡ್ಲಿ, ಕಾಗೆ ತಲೆಗೆ ಕುಕ್ಕುತ್ತೆ. ರಜೆ ಮುಗಿಯೋ ಹೊತ್ತಿಗೆ ಕಾಗೆ ಕೋಗಿಲೆ ಮರಿಗೆ ಗುಟುಕು ಕೊಡೋದು ಕಂಡ್ರೂ ಕಾಣ್ಬಹುದು.

ಸಾಧನಕೇರಿ ಹುಡುಗ (ಧಾರವಾಡ)
ಮೇಷ್ಟ್ರ ಮಾತು ಖರೇ ಐತ್ರಿ. ನಾ ಒಂದು ಹೇಳ್ತೀನಿ, ರೊಕ್ಕ ಒಂದ್ ಪೈಸಾನೂ ಬ್ಯಾಡ. ಖಾಲಿ ಸೈಟ್ ಐತಿ ಅಂದ್ರಲ್ಲ ಅಕ್ಕಾರ, ಅಲ್ಲಿ ಗ್ವಾಡಿ ಬುಡಕ್ಕ, ಮಳಿ ಬೀಳದ ಜಾಗಾದಾಗ, ಸಣ್ಣ ಪುಡಿ ಮಣ್ಣೊಳಗ ಆಲಿಕೆ ಆಕಾರದ ಸಣ್ಣ ಸಣ್ಣ ತಗ್ಗು ಇರ್ತಾವ ನೋಡ್ರಿ. ಅದರ ತಳಕ್ಕ ಇರುವೆ ಸಿಂಹದ ಮರಿ ಕುಂತಿರ್ತದ. ಬ್ಯಾಸಗಿ ಒಣ ಮಣ್ಣಿನಾಗ ಇದು ಭಾಳ ಚೊಲೋ ಕಾಣ್ತದ. ಒಂದು ಇರುವೆ ಅಂಚಿಗೆ ಬಂದ್ರ ಕಾಲ ಕೆಳಗಿನ ಮಣ್ಣು ಜಾರ್ತದ, ಅದು ಮ್ಯಾಲ ಹತ್ತಾಕ ಹೋದ್ರ ತಳದಾಗಿನ ಹುಳ ತಲಿಯಿಂದ ಮಣ್ಣು ಚಿಮ್ಮಸ್ತದ, ಮತ್ತ ಜಾರ್ತದ, ಆಮ್ಯಾಲ ಎರಡು ಕೊಂಡಿ ಹೊರಗ ಬಂದು ಗಪ್ಪನ ಹಿಡಿದು ಮಣ್ಣೊಳಗ ಎಳಕೊಂಡು ಹೋಗ್ತದ. ಹುಳಾನ ಅಂಗೈ ಮ್ಯಾಲ ಇಟ್ಕೊಂಡ್ರ ಹಿಂದ ಹಿಂದಕ್ಕ ನಡೀತದ, ಮುಂದಕ್ಕ ನಡೆಯಂಗಿಲ್ಲ.

ಇಷ್ಟ ನೋಡಿ ಬಿಡಬ್ಯಾಡ್ರಿ. ಸಣ್ಣ ತಗ್ಗು ಇರ್ಲಿ ದೊಡ್ಡ ತಗ್ಗು ಇರ್ಲಿ, ಒಂದ ಜಾಗಾದ ಮಣ್ಣಾದ್ರ ಇಳಿಜಾರು ಹೆಚ್ಚು ಕಡಿಮಿ ಒಂದ ಇರ್ತದ. ಅದ ಮಣ್ಣು ಮುಟಗ್ಯಾಗ ಹಿಡಿದು ಮ್ಯಾಲಿಂದ ನಿಧಾನ ಸುರೀರಿ, ಗುಪ್ಪಿ ಆಗ್ತದಲ್ಲ, ಅದರ ಇಳಿಜಾರೂ ಹತ್ತಿರ ಹತ್ತಿರ ಅಷ್ಟ ಬರ್ತದ. ಅದಕ್ಕಿಂತ ಕಡಿದಾದ್ರ ಮಣ್ಣು ನಿಲ್ಲಂಗಿಲ್ಲ, ಹುಳಾ ಅದರ ತುದಿ ಮಟ್ಟ ತಗ್ಗು ತೋಡಿರ್ತದ, ಅದಕ್ಕ ಇರುವೆ ಕಾಲಿಟ್ರ ಸಾಕು ಜಾರ್ತದ. ಕೋನಮಾಪಕ ರಟ್ಟಿಗೆ ಅಂಟಿಸಿ ಅಳದ್ರ 7ನೇತ್ತಾದ ಹುಡುಗಿಗೆ ಒಂದ್ ಮುಂಜಾನಿ ಪೂರಾ ಕೆಲಸ. ಈ ಹುಳಾನ ಮುಂದ ರೆಕ್ಕಿ ಬಂದು ಏರೋಪ್ಲೇನ್ ಚಿಟ್ಟಿ ಹಂಗ ಕಾಣ್ತದ, ರಾತ್ರಿ ಲೈಟಿಗೆ ಬರ್ತದ.

ಕೆಲಸಕ್ಕೆ ಹೋಗೋ ಅಮ್ಮ (ತುಮಕೂರು)
ಓದೋಕೆ ಖುಷಿ ಆಗುತ್ತೆ, ಆದ್ರೆ ನಮ್ಮಂಥೋರ ಕಷ್ಟಾನೂ ನೋಡಿ. ಇಬ್ರೂ ಡ್ಯೂಟಿಗೆ ಹೋಗ್ತೀವಿ, ಮನೇಲಿ ಅತ್ತೆ ಒಬ್ರೇ, ಅವ್ರಿಗೆ ಮಂಡಿ ನೋವು. ಹೊರಗಡೆ ಬಿಸಿಲು ನೋಡಿದ್ರೆ ಕಣ್ಣು ಬಿಡೋಕಾಗಲ್ಲ, ಬೀದಿ ನಾಯಿ, ಹಾವು, ಮೊಬೈಲ್ ನೋಡ್ಕೊಂಡು ಗಾಡಿ ಓಡ್ಸೋರು. ಖಾಲಿ ಸೈಟಿಗೆ ಕಳಿಸಿ ಆಫೀಸಲ್ಲಿ ಕೂತ್ಕೊಂಡ್ರೆ ನಂಗೆ ಜೀವಾನೇ ಇರಲ್ಲ. ಮನೆ ಬಾಗ್ಲು ದಾಟದೇ ಆಗೋದು ಏನಾದ್ರೂ ಇದ್ರೆ ಹೇಳಿ ಪ್ಲೀಸ್.

ತೋಟದಮನೆ (ತೀರ್ಥಹಳ್ಳಿ)
ಮೇಡಂ, ಮನೇಲಿ ಕರಿಬೇವಿನ ಗಿಡ ಇದ್ಯಾ? ಕುಂಡದಲ್ಲಿದ್ರೂ ಸಾಕು, ನಿಂಬೆ ಗಿಡ ಆದ್ರೂ ಆಗುತ್ತೆ. ಎಳೆ ಎಲೆ ಹಿಂದೆ ಮುಂದೆ ನೋಡಿ, ಸಾಸಿವೆಗಿಂತ ಸಣ್ಣದು, ತಿಳಿ ಹಳದಿ ದುಂಡು ಮೊಟ್ಟೆ ಇರುತ್ತೆ. ಕಾಮನ್ ಮಾರ್ಮನ್, ಲೈಮ್ ಬಟರ್‌ಫ್ಲೈ ಅಂತ ಎರಡು ಚಿಟ್ಟೆ, ಎರಡೂ ಈ ಗಿಡಕ್ಕೇ ಬರೋದು. ಮರಿಹುಳ ಮೊದಮೊದಲು ಹಕ್ಕಿ ಹಿಕ್ಕೆ ಬಿದ್ದಂಗೆ ಕಾಣುತ್ತೆ, ಕಂದು ಬಿಳಿ, ಹಕ್ಕಿ ತಿನ್ನಬಾರ್ದು ಅಂತ. ಪೊರೆ ಬಿಟ್ಟೂ ಬಿಟ್ಟೂ ಕೊನೆಗೆ ಹಸಿರಾಗುತ್ತೆ. ಆಗ ಒಂದು ಕಡ್ಡೀಲಿ ಮೆಲ್ಲಗೆ ಮುಟ್ಟಿದ್ರೆ ತಲೆ ಹಿಂದಿಂದ ಕವಲು ಕೊಂಬು ಹೊರಗೆ ಹಾಕುತ್ತೆ, ಅದ್ರ ವಾಸನೆ ಘಾಟು, ಇರುವೆ ಕಣಜ ಹತ್ರ ಬರ್ದೇ ಇರ್ಲಿ ಅಂತ ಅದು ಮಾಡೋ ಉಪಾಯ. ಮೊಟ್ಟೆಯಿಂದ ಚಿಟ್ಟೆ ಆಗೋವರೆಗೆ ಹೆಚ್ಚುಕಮ್ಮಿ ಒಂದು ತಿಂಗಳು, ನಿಮ್ ರಜೆಗೆ ಸರಿಯಾಗಿ ಆಗುತ್ತೆ. ಅತ್ತೆ ಕುರ್ಚಿ ಹಾಕ್ಕೊಂಡು ಕೂತೇ ತೋರಿಸ್ಬಹುದು. ಔಷಧಿ ಹೊಡೀಬೇಡಿ ಅಷ್ಟೇ, ಒಗ್ಗರಣೆಗೆ ನಾಲ್ಕು ಎಲೆ ಕಮ್ಮಿ ಆದ್ರೆ ಆಗ್ಲಿ.

ನಮ್ಮ ತೋಟದಲ್ಲಿ ಮಕ್ಕಳು ನೋಡೋದು ಚಗಳಿ ಇರುವೆ. ಮಾವಿನ ಮರದ ಎಲೆಗಳನ್ನ ಸೇರಿಸಿ ಗೂಡು ಮಾಡಿರ್ತಾವಲ್ಲ, ಕೆಂಪಗಿರೋದು. ಸಾಲಾಗಿ ನಿಂತು ಎರಡು ಎಲೆ ಅಂಚು ಎಳೆದು ಹಿಡ್ಕೊಳ್ತಾವೆ, ಇನ್ನೊಂದಿಷ್ಟು ಒಳಗಿಂದ ಮರಿ ತಂದು ಬಾಯಲ್ಲಿ ಹಿಡ್ಕೊಂಡು ಈ ಅಂಚಿಂದ ಆ ಅಂಚಿಗೆ ಮಗ್ಗದ ಲಾಳಿ ಹಂಗೆ ಆಡಿಸ್ತಾವೆ. ರೇಷ್ಮೆ ದಾರ ಬರೋದು ಮರಿಯಿಂದ, ದೊಡ್ಡ ಇರುವೆಗೆ ದಾರ ಬರಲ್ಲ. ನೆರಳಲ್ಲಿ ಸ್ವಲ್ಪ ದೂರ ನಿಂತು ತಾಳ್ಮೆಯಿಂದ ನೋಡಿದ್ರೆ ಎಲ್ಲಾ ಕಾಣುತ್ತೆ, ಕೊಂಬೆ ಮುಟ್ಟಿದ್ರೆ ಮಾತ್ರ ಕಚ್ಚದೇ ಬಿಡಲ್ಲ.

ನಿವೃತ್ತ ಮೇಷ್ಟ್ರು (ಮೈಸೂರು)
ತುಮಕೂರಿನ ತಾಯಿ ಕೇಳಿದ್ದು ನ್ಯಾಯವಾದ ಮಾತು. ಹೊರಗೆ ಕರ್ಕೊಂಡು ಹೋಗೋದು ಬೆಳಿಗ್ಗೆ ಆರೂವರೆಯಿಂದ ಒಂಬತ್ತು, ಸಂಜೆ ಐದರ ಮೇಲೆ. ಹಕ್ಕಿ ಹುಳ ಕಾಣೋದೂ ಆಗ್ಲೇ, ಮಧ್ಯಾಹ್ನ ಅವೂ ನೆರಳು ಸೇರ್ಕೊಂಡಿರ್ತಾವೆ. ಕಲ್ಲು, ಸೌದೆ ರಾಶಿ ಸಂದಿಗೆ ಮಕ್ಕಳು ಕೈ ಹಾಕ್ಲೇಬಾರ್ದು, ಬಯಲುಸೀಮೆ ಕಡೆ ಗರಗಸ ಮಂಡಲ ಕಲ್ಲಿನ ಕೆಳಗೇ ಇರುತ್ತೆ. ಚಪ್ಪಲಿ ಬೇಡ, ಶೂ ಹಾಕ್ಸಿ. ಮುಖ್ಯವಾಗಿ ಕೆರೆ, ಕಲ್ಲು ಕ್ವಾರಿ ಹೊಂಡ, ಕಟ್ಟೆ ಇಲ್ಲದ ಬಾವಿ. ಪ್ರತಿ ಬೇಸಿಗೇಲೂ ಪೇಪರಲ್ಲಿ ಆ ಸುದ್ದಿ ಓದ್ತೀವಿ, ಓದಿದಾಗೆಲ್ಲ ಕರುಳು ಕಿತ್ಕೊಂಡು ಬರುತ್ತೆ. ದೊಡ್ಡೋರಿಲ್ದೆ ನೀರಿನ ಹತ್ರ ಹೋಗೋ ಹಾಗಿಲ್ಲ, ಇದರಲ್ಲಿ ರಿಯಾಯ್ತಿನೇ ಇಲ್ಲ.

ಬಿಸಿಲೂರು (ಕಲಬುರಗಿ)
ಹೊಂಗೆನೆರಳು ಮೇಡಂ, ನಿಮ್ ಮಗಳಿಗಿ ಒಂದ್ ಕೆಲಸ ಕೊಡ್ತೀನ್ರಿ, ಆದ್ರ ನಮ್ ಮನಿ ಹುಡುಗೋರ ಜೋಡಿ ಕೂಡಿ ಮಾಡಬೇಕು. ಏಪ್ರಿಲ್ 24ಕ್ಕ ಬೆಂಗಳೂರಾಗ ಶೂನ್ಯ ನೆರಳಿನ ದಿನ. ಮಧ್ಯಾಹ್ನ 12 ಗಂಟಿ 17 ನಿಮಿಷದ ಸುಮಾರಿಗಿ ಸೂರ್ಯ ಸರಿಯಾಗಿ ನೆತ್ತಿ ಮ್ಯಾಲ ಬರ್ತಾನ, ನೆಟ್ಟಗ ನಿಲ್ಲಿಸಿದ ಕೋಲಿನ ನೆರಳು ಕೋಲಿನ ಬುಡದಾಗೇ ಮುಚ್ಚಿಹೋಗ್ತದ. ಇದು ಎಲ್ಲಾ ಊರಿಗಿ ಒಂದೇ ದಿನ ಇರಂಗಿಲ್ಲ. ಮೈಸೂರಿಗಿ ಎರಡು ದಿನ ಮುಂಚೆ, ಧಾರವಾಡಕ್ಕ ಮೇ 2ರ ಸುಮಾರಿಗಿ, ನಮ್ ಕಲಬುರಗಿಗಿ ಮೇ 9ರ ಸುಮಾರಿಗಿ, ಯಾಕಂದ್ರ ಸೂರ್ಯ ಉತ್ತರಕ್ಕ ಸರಕೋತ ಬರ್ತಾನ.

ಈಗ ಕೇಳ್ರಿ, 24ಕ್ಕ ನಿಮ್ಮಲ್ಲಿ ನೆರಳು ಇರಂಗಿಲ್ಲ, ನಮ್ಮಲ್ಲಿ ಇರ್ತದ. ಒಂದು ಮೀಟರ್ ಕೋಲಿಗಿ ಉತ್ತರಕ್ಕ ಏಳೂವರಿ ಸೆಂಟಿಮೀಟರ್ ಆಸುಪಾಸು. ನೀವು ದಕ್ಷಿಣಕ್ಕ, ನಾವು ಉತ್ತರಕ್ಕ, ಇಬ್ರ ನಡುವಿನ ನೇರ ಉತ್ತರ-ದಕ್ಷಿಣ ದೂರ ನಕ್ಷಾದಾಗ ಸುಮಾರು 483 ಕಿಲೋಮೀಟರ್. ರೈಲಿನ ದೂರ ಹಿಡೀಬ್ಯಾಡ್ರಿ, ಅದು ಸುತ್ತು ಹಾಕ್ಕೋತ ಬರ್ತದ. ಈ ಎರಡು ಅಂಕಿ ಇದ್ರ ಭೂಮಿ ಸುತ್ತಳತಿ ಲೆಕ್ಕ ಹಾಕ್ಲಿಕ್ಕಿ ಬರ್ತದ. ಎರಡು ಸಾವಿರ ವರ್ಷಕ್ಕಿಂತ ಹಿಂದ ಈಜಿಪ್ಟಿನಾಗ ಎರಟೋಸ್ತನೀಸ್ ಮಾಡಿದ್ದೂ ಇದೇ. ನಮ್ ಮನ್ಯಾಗ ಮೂರು ಹುಡುಗೋರು ಅವರಿ, ಬಿಸಿಲು 40 ದಾಟಿದ್ರೂ ಹತ್ತು ನಿಮಿಷ ನಿಲ್ತಾರ, ಟೋಪಿ ಹಾಕಿ ನಿಲ್ಲಿಸ್ತೀನಿ. ನೀವು ತಯಾರಿದ್ರ ಹೇಳ್ರಿ.

ಹೊಂಗೆನೆರಳು (ಬೆಂಗಳೂರು)
ಸರ್ ಖಂಡಿತ ತಯಾರು! ಮಗಳಿಗೆ ಓದಿ ಹೇಳ್ದೆ, ಕಲಬುರಗಿ ಎಲ್ಲಿದೆ ಅಂತ ಮ್ಯಾಪ್ ತೆಗೆದು ಕೂತಿದ್ದಾಳೆ. ಆದ್ರೆ ಅವಳಿಗಿನ್ನೂ ಟ್ರಿಗನಾಮೆಟ್ರಿ ಬರಲ್ಲ, ಲೆಕ್ಕ ಹೇಗೆ?

ನಿವೃತ್ತ ಮೇಷ್ಟ್ರು (ಮೈಸೂರು)
ಬೇಡವೇ ಬೇಡಮ್ಮ. ಕೋಲು 100 ಸೆಂಟಿಮೀಟರ್ ಅಲ್ವಾ, ಅದನ್ನೇ ತ್ರಿಜ್ಯ ಮಾಡ್ಕೊಂಡು ದೊಡ್ಡ ವೃತ್ತ ಅಂದ್ಕೊಳ್ಲಿ, ಸುತ್ತಳತೆ 628 ಸೆಂಟಿಮೀಟರ್. ಕಲಬುರಗಿ ನೆರಳು ಆ 628ರಲ್ಲಿ ಎಷ್ಟನೇ ಒಂದು ಪಾಲೋ, 483 ಕಿಲೋಮೀಟರ್ ಭೂಮಿ ಸುತ್ತಳತೆಯಲ್ಲಿ ಅಷ್ಟನೇ ಒಂದು ಪಾಲು. ಕೋನ ಸಣ್ಣದಿರೋದ್ರಿಂದ ಹೀಗೆ ಮಾಡಿದ್ರೆ ತಪ್ಪೇನಾಗಲ್ಲ.

ಕಲಬುರಗಿಯವ್ರಿಗೆ ಒಂದು ಮಾತು, ಕೋಲಿನ ನೆರಳಿನ ತುದಿ ಮಸುಕಾಗಿರುತ್ತೆ. ಸೂರ್ಯ ಚುಕ್ಕೆ ಅಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ, ಅದಕ್ಕೇ ಒಂದು ಮೀಟರ್ ಎತ್ತರದಿಂದ ಬೀಳೋ ನೆರಳಿನ ಅಂಚು ಸುಮಾರು 9 ಮಿಲಿಮೀಟರ್ ಮಸುಕು. ಕೋಲಿನ ತುದಿಗೆ ಒಂದು ರಟ್ಟು ಅಡ್ಡ ಇಟ್ಟು ಅದ್ರಲ್ಲಿ ಸೂಜಿಯಿಂದ ತೂತು ಮಾಡಿ. ಕೆಳಗೆ ಸೂರ್ಯನ ಸಣ್ಣ ದುಂಡು ಚಿತ್ರ ಬೀಳುತ್ತೆ, ಅದರ ಮಧ್ಯಕ್ಕೆ ಅಳತೆ ತಗೊಳ್ಳಿ. ತೂತಿನ ನೇರ ಕೆಳಗೆ ಯಾವ ಜಾಗ ಅಂತ ತೂಗುಗುಂಡು ಬಿಟ್ಟು ಮೊದಲೇ ಗುರುತು ಮಾಡ್ಕೊಂಡಿರ್ಬೇಕು. ಮರದ ಕೆಳಗೆ ಎಲೆ ಸಂದಿಯಿಂದ ದುಂಡುದುಂಡು ಬೆಳಕು ಬೀಳುತ್ತಲ್ಲ, ಅವೂ ಹೀಗೇ ಸೂರ್ಯನ ಚಿತ್ರಗಳೇ. ಮಕ್ಕಳು ಸೂರ್ಯನ ಕಡೆ ತಲೆ ಎತ್ತಿ ನೋಡದ ಹಾಗೆ ಪಕ್ಕದಲ್ಲೇ ಇರಿ.

ಕಡಲತಡಿ (ಉಡುಪಿ)
ಇದು ಭಾರೀ ಲಾಯ್ಕುಂಟು ಮಾರಾಯ್ರೆ. ನಮ್ಮಲ್ಲಿ ರಜೆ ಅಂದ್ರೆ ಸಂಜೆ ಬೀಚ್. ಮಕ್ಕಳಿಗೆ ಮರಳಿನ ಮೇಲೆ ಸಾವಿರಗಟ್ಟಲೆ ಸಣ್ಣ ಸಣ್ಣ ಮರಳುಂಡೆ ಕಾಣ್ತದೆ, ಒಂದು ತೂತಿನ ಸುತ್ತ ಗೆರೆ ಎಳೆದ ಹಾಗೆ. ಅದು ಒಂದು ಜಾತಿ ಸಣ್ಣ ಏಡಿಯ ಕೆಲಸ. ನೀರು ಇಳಿದ ಕೂಡ್ಲೆ ಹೊರಗೆ ಬಂದು ಮರಳು ಬಾಯಿಗೆ ಹಾಕಿ ಅದ್ರಲ್ಲಿದ್ದ ಆಹಾರ ಮಾತ್ರ ತಗೊಂಡು ಉಳಿದ ಮರಳನ್ನು ಉಂಡೆ ಮಾಡಿ ಬಿಸಾಡುದು, ನೀರು ಏರುವಾಗ ಪುನಃ ಒಳಗೆ. ಅಲುಗದೆ ಕೂತ್ಕೊಂಡ್ರೆ ಹೊರಗೆ ಬರ್ತದೆ, ನೆರಳು ಬಿದ್ರೆ ಸಾಕು ಮಾಯ. ಉಬ್ಬರ ದಿನಾ ಒಂದೇ ಹೊತ್ತಿಗೆ ಬರುದಿಲ್ಲ, ದಿನಕ್ಕೆ ಹೆಚ್ಚುಕಮ್ಮಿ 50 ನಿಮಿಷ ತಡ ಆಗ್ತಾ ಹೋಗ್ತದೆ, ಚಂದ್ರ ಹುಟ್ಟುದು ತಡ ಆಗುವ ಹಾಗೇ. ಮಕ್ಕಳು ಒಂದು ಕಲ್ಲಿಗೆ ಗುರುತು ಮಾಡಿ ವಾರ ನೋಡಿದ್ರೆ ಅವ್ರಿಗೇ ಗೊತ್ತಾಗ್ತದೆ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೂ ಹೋಗಿ ಬನ್ನಿ, ಮಳೆಗಾಲಕ್ಕೆ ದೋಣಿ ನಿಲ್ತದೆ. ಅಲ್ಲಿ ಲಾವಾ ತಣಿದು ಆದ ಕಂಬದ ಕಲ್ಲುಗಳು, ಮಡಗಾಸ್ಕರ್ ನಮ್ಮ ಕರಾವಳಿಯಿಂದ ಬೇರೆ ಆದ ಕಾಲದ್ದು, ಸುಮಾರು 8.8 ಕೋಟಿ ವರ್ಷ ಹಿಂದಿನದ್ದು.

ಬಿಸಿಲೂರು ಸರ್, ನಿಮ್ಮ ಜೊತೆ ನಮ್ಮದೂ ಒಂದು ಪ್ರಯೋಗ ಮಾಡುವ ಆಯ್ತಾ. ಇಬ್ಬರೂ ಮಣ್ಣಿನ ಮಡಕೆಯಲ್ಲಿ ನೀರು ತುಂಬಿಸಿ ನೆರಳಲ್ಲಿಡುದು, ಪಕ್ಕದಲ್ಲಿ ಸ್ಟೀಲ್ ಪಾತ್ರೆಯಲ್ಲಿ ಅಷ್ಟೇ ನೀರು. ನಾಲ್ಕು ಗಂಟೆ ಬಿಟ್ಟು ಥರ್ಮಾಮೀಟರ್ ಹಾಕಿ ನೋಡುದು. ಜ್ವರ ನೋಡುವ ಥರ್ಮಾಮೀಟರ್ ಆಗುದಿಲ್ಲ, ಲ್ಯಾಬಿನದ್ದು ಬೇಕು.

ಬಿಸಿಲೂರು (ಕಲಬುರಗಿ)
ಎರಡೂ ಆಯ್ತು, ಈಗ ಕುಂತು ಬರೀಲಿಕತ್ತೀನಿ. ಮೊದ್ಲು ನೆರಳಿಂದು. ಮೇಷ್ಟ್ರು ಹೇಳ್ದಂಗ ರಟ್ಟಿಗಿ ತೂತು ಮಾಡಿ, ತೂಗುಗುಂಡು ಬಿಟ್ಟು, ಫರಶಿ ಮ್ಯಾಲ ಬಿಳಿ ಹಾಳಿ ಹಾಸಿ ಹನ್ನೆರಡರಿಂದ ಹನ್ನೆರಡೂವರಿ ತನಕ ಐದೈದು ನಿಮಿಷಕ್ಕ ಗುರುತು ಹಾಕಿದ್ವಿ. ಎಲ್ಲಾಕ್ಕಿಂತ ಹತ್ರ ಬಂದದ್ದು 7.5 ಸೆಂಟಿಮೀಟರ್, 12:20ರ ಸುಮಾರಿಗಿ. ಬೆಂಗಳೂರಿನ ಹುಡುಗಿ ಅದೇ ಹೊತ್ತಿಗಿ ವಿಡಿಯೋ ಕಾಲ್‌ನಾಗ ತೋರಿಸ್ದಳು, ಆಕಿ ಬಾಟಲಿಗಿ ನೆರಳೇ ಇಲ್ಲ, ನಮ್ ಹುಡುಗೋರು ಹೋ ಅಂತ ಕುಣಿದ್ರು. 628 ಭಾಗಿಸು 7.5, 83.7 ಬಂತು. ಗುಣಿಸು 483, ಬಂದದ್ದು 40,400 ಚಿಲ್ಲರ ಕಿಲೋಮೀಟರ್. ಖರೇ ಸುತ್ತಳತಿ 40,000 ಕಿಲೋಮೀಟರಿನ ಸುಮಾರು. ಸಣ್ಣಾವ ಲೆಕ್ಕ ಹಾಕಿ ಹೇಳ್ದ, ಒಂದು ಮಿಲಿಮೀಟರ್ ಆಕಡಿ ಈಕಡಿ ಅಳದ್ರ ಭೂಮಿ 500 ಕಿಲೋಮೀಟರಿನಷ್ಟು ಹೆಚ್ಚುಕಡಿಮಿ ಆಗ್ತದಂತ. ಅವನಿಗಿ ಅಳತಿ ಅಂದ್ರ ಏನಂತ ಅವತ್ತು ತಿಳೀತು, ನನಗ ಅದರದ ಭಾಳ ಖುಷಿ.

ಮಡಕಿದು ಹೇಳಬೇಕಂದ್ರ ನಮ್ ನೀರು ಸ್ಟೀಲ್ ಪಾತ್ರಿಗಿಂತ ಎಂಟು ಡಿಗ್ರಿ ತಣ್ಣಗ.

ಕಡಲತಡಿ (ಉಡುಪಿ)
ನಮ್ಮದು ಮೂರೇ ಡಿಗ್ರಿ ಸರ್! ಮಗ ಮಡಕೆ ಸರಿ ಇಲ್ಲ ಅಂತ ಹಟ ಹಿಡಿದು ಇನ್ನೊಂದು ಮಡಕೆಯಲ್ಲೂ ಮಾಡಿದ, ಅದೂ ಅಷ್ಟೆ. ನಮ್ಮ ಗಾಳಿಯಲ್ಲಿ ಮೊದಲೇ ತೇವ ತುಂಬಿದೆ, ಮಡಕೆಯ ನೀರು ಆರುದೇ ಇಲ್ಲ, ಆರದಿದ್ರೆ ತಂಪು ಎಲ್ಲಿಂದ. ಬೆವರು ಆರದೆ ನಮಗೆ ಸೆಕೆ ಆಗುದೂ ಇದಕ್ಕೇ ಅಂತ ಅವನೇ ಹೇಳಿದ.

ಕೋಡ್‌ರೈಟರ್ (ಬೆಂಗಳೂರು)
ಒಂದು ಭಿನ್ನಾಭಿಪ್ರಾಯ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಎಲ್ಲದಕ್ಕೂ ಅಳತೆ, ಪುಸ್ತಕ, ಲೆಕ್ಕ ಅಂದ್ರೆ ರಜೇನೂ ಸ್ಕೂಲಾಗೋಗಲ್ವಾ? ನಾವು ಸಣ್ಣೋರಿದ್ದಾಗ ಯಾರೂ ಏನೂ ಹೇಳ್ಕೊಡ್ಲಿಲ್ಲ, ಮರ ಹತ್ತಿ ಬಿದ್ದು ಎದ್ದು ಕಲ್ತ್ವಿ. ಇನ್ನು ಹೆಸ್ರು ಬೇಕು ಅಂದ್ರೆ ಐನ್ಯಾಚುರಲಿಸ್ಟ್, ಮರ್ಲಿನ್ ಆ್ಯಪ್ ಇದೆ, ಫೋಟೋ ಹಾಕಿದ್ರೆ, ಕೂಗು ಕೇಳಿಸಿದ್ರೆ ಹೇಳ್ಬಿಡುತ್ತೆ.

ನಿವೃತ್ತ ಮೇಷ್ಟ್ರು (ಮೈಸೂರು)
ಬೇಜಾರೇನಿಲ್ಲಪ್ಪ, ಅರ್ಧ ಒಪ್ತೀನಿ. ಮಗು ಕೆಸರಲ್ಲಿ ಆಡ್ತಿದ್ರೆ ಆಡ್ಲಿ, ಪುಸ್ತಕ ಹಿಡ್ಕೊಂಡು ಹಿಂದೆ ಹೋಗ್ಬೇಡಿ. ಆದ್ರೆ ಮಗು ತಾನಾಗೇ ಯಾಕೆ ಅಂತ ಕೇಳಿದಾಗ ಅಳತೆ ಅನ್ನೋದು ಅದರ ಕೈಗೆ ಸಿಗೋ ಹಾಗಿರ್ಬೇಕು. ಉಡುಪಿ ಹುಡುಗ ಎರಡನೇ ಮಡಕೆ ತಂದ ನೋಡಿ, ಅದು ಯಾರೂ ಹೇಳಿ ಮಾಡಿಸಿದ್ದಲ್ಲ. ಆ್ಯಪ್ ವಿಷಯ, ಮೊದ್ಲು ಹಕ್ಕಿ ಕೊಕ್ಕು ಹೇಗಿದೆ, ಬಾಲ ಆಡಿಸುತ್ತಾ, ನೆಲದ ಮೇಲೆ ನಡೆಯುತ್ತಾ ಕುಪ್ಪಳಿಸುತ್ತಾ ಅಂತ ನೋಡಿ ಮಕ್ಕಳೇ ಒಂದು ಊಹೆ ಮಾಡ್ಲಿ, ಆಮೇಲೆ ಫೋನ್ ತೆಗೀರಿ. ಮೊದಲೇ ಹೆಸ್ರು ಸಿಕ್ಬಿಟ್ರೆ ಮಕ್ಕಳು ಹಕ್ಕಿ ಕಡೆ ತಿರುಗಿ ನೋಡೋದೇ ಇಲ್ಲ, ನಾನು ಕಣ್ಣಾರೆ ಕಂಡಿದ್ದು ಇದು.

ಹೊಂಗೆನೆರಳು (ಬೆಂಗಳೂರು)
ನಾವು ಭಾನುವಾರ ಲಾಲ್‌ಬಾಗಿಗೆ ಹೋಗಿದ್ವಿ, ಹೂವಿಗಲ್ಲ, ಬಂಡೆಗೆ. ಕೆಂಪೇಗೌಡರ ಗೋಪುರ ಇದ್ಯಲ್ಲ ಆ ಬಂಡೆ 300 ಕೋಟಿ ವರ್ಷದಷ್ಟು ಹಳೇದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲೇ ಎಷ್ಟೋ ಸಲ ಕೂತು ಕಡ್ಲೆಕಾಯಿ ತಿಂದಿದೀವಿ, ಈ ಸಲ ಮಗ ಮಂಡಿಯೂರಿ ಕೂತು ಕಪ್ಪು ಬಿಳಿ ಪಟ್ಟೆ ಎಲ್ಲಿಂದ ಎಲ್ಲಿವರೆಗೆ ಹೋಗಿದೆ ಅಂತ ಬೆರಳಲ್ಲಿ ಗೀಚ್ತಾ ಹೋದ. ಆಮೇಲೆ ಲೆನ್ಸ್ ಹಿಡಿದು ನೋಡಿದ್ರೆ ಹೊಳೆಯೋ ಅಭ್ರಕದ ಚೂರು. ಅಲ್ಲಿಂದ ಎಬ್ಬಿಸೋದೇ ಕಷ್ಟ ಆಯ್ತು.

ಕೆಲಸಕ್ಕೆ ಹೋಗೋ ಅಮ್ಮ (ತುಮಕೂರು)
ತೀರ್ಥಹಳ್ಳಿಯವ್ರಿಗೆ ಥ್ಯಾಂಕ್ಸ್ ಹೇಳೋಕೆ ಬಂದೆ. ಕರಿಬೇವಿನ ಗಿಡದಲ್ಲಿ ಹುಳ ಇತ್ತು! ಅತ್ತೆ ದಿನಾ ಮಧ್ಯಾಹ್ನ ಫೋನ್ ಮಾಡಿ ಇವತ್ತು ಎಷ್ಟು ಎಲೆ ತಿಂದ್ವು ಅಂತ ವರದಿ ಕೊಡ್ತಾರೆ. ನಿನ್ನೆ ಒಂದು ಗೂಡಿಂದ ಚಿಟ್ಟೆ ಬದ್ಲು ಸಣ್ಣ ಕಣಜ ಬಂತು, ಮಗಳು ತುಂಬಾ ಅತ್ಳು. ಇದೇನು?

ತೋಟದಮನೆ (ತೀರ್ಥಹಳ್ಳಿ)
ಪಾಪ, ಸಮಾಧಾನ ಮಾಡಿ ಮೇಡಂ. ಕೆಲವು ಕಣಜಗಳು ಮರಿಹುಳದ ಅಥವಾ ಕೋಶದ ಮೈಯೊಳಗೇ ಮೊಟ್ಟೆ ಇಡ್ತಾವೆ, ಅದ್ರ ಮರಿ ಒಳಗಿಂದ ತಿಂದು ಬೆಳೆಯುತ್ತೆ. ಅವು ಇಲ್ದಿದ್ರೆ ಊರಲ್ಲಿ ಒಂದು ನಿಂಬೆ ಗಿಡಾನೂ ಉಳಿಯಲ್ಲ. ಮಗಳಿಗೆ ಇದನ್ನೂ ಮುಚ್ಚುಮರೆ ಇಲ್ದೆ ಹೇಳಿ, ಮಕ್ಕಳಿಗೆ ಅರ್ಥ ಆಗುತ್ತೆ.

ಸಾಧನಕೇರಿ ಹುಡುಗ (ಧಾರವಾಡ)
ನಿನ್ನೆ ಸಂಜಿಗೆ ನಮ್ಮಲ್ಲಿ ಭರಣಿ ಮಳಿ ಹೊಡೀತ್ರಿ, ಆಣಿಕಲ್ಲು ಸಮೇತ. ನಾವು ನೆಟ್ಟಗಿರೋ ಪ್ಲಾಸ್ಟಿಕ್ ಡಬ್ಬಿಗೆ ಸ್ಕೇಲ್ ಅಂಟಿಸಿ ಮಾಳಗಿ ಮ್ಯಾಲ ಇಟ್ಟಿದ್ವಿ, 18 ಮಿಲಿಮೀಟರ್ ತೋರಿಸ್ತು. ಒಂದು ಮಿಲಿಮೀಟರ್ ಮಳಿ ಅಂದ್ರ ಒಂದು ಚದರ ಮೀಟರಿಗೆ ಒಂದು ಲೀಟರ್. ನಮ್ಮ ಮಾಳಗಿ 100 ಚದರ ಮೀಟರ್, ಅಂದ್ರ 1,800 ಲೀಟರ್ ನೀರು ಅರ್ಧ ತಾಸಿನಾಗ ಗಟಾರಕ್ಕ ಹೋತು. ಹುಡುಗ ಅದನ್ನ ಅಪ್ಪಗ ಹೇಳಿದ, ಅಪ್ಪ ಪ್ಲಂಬರ್‌ಗ ಫೋನ್ ಹಚ್ಚ್ಯಾರ. ಮಳಿ ನಿಂತ ಮ್ಯಾಲ ಲೈಟಿಗೆ ರೆಕ್ಕಿ ಗೆದ್ದಲ ಮುಕುರಿದ್ವು, ಹಲ್ಲಿಗೆ ಹಬ್ಬ. ಎಲ್ಲಾ ಲೈಟ್ ಆರಿಸಿ ಹೊರಗ ಒಂದ ಹಚ್ಚಿ ಬಿಳಿ ಪಂಜೆ ಕಟ್ಟಿದ್ರ ಮತ್ತೇನೇನು ಬರ್ತಾವ ಅಂತ ಎಣಿಸಬಹುದು.

ಒಂದು ಹುಷಾರ್ ಮಾತು, ಈ ಮಳ್ಯಾಗ ಸಿಡಿಲು ಭಾಳ. ಮಿಂಚು ಕಂಡ ಮ್ಯಾಲ ಗುಡುಗು ಕೇಳೂದ್ರೊಳಗ ಎಷ್ಟು ಸೆಕೆಂಡ್ ಆತು ಎಣಿಸಿ ಮೂರರಿಂದ ಭಾಗಿಸಿದ್ರ ಅಷ್ಟು ಕಿಲೋಮೀಟರ್ ದೂರ. ಇದನ್ನ ಮನಿ ಒಳಗ ನಿಂತ ಎಣಿಸ್ರಿ. ಮಾಳಗಿ ಮ್ಯಾಲ, ಮರದ ಬುಡಕ್ಕ ನಿಲ್ಲೂದು ಬ್ಯಾಡ.

ಹೊಂಗೆನೆರಳು (ಬೆಂಗಳೂರು)
ಬಿಸಿಲೂರು ಸರ್, ಮಗಳು ಕೇಳ್ತಿದ್ದಾಳೆ, ಸೂರ್ಯ ವಾಪಸ್ ದಕ್ಷಿಣಕ್ಕೆ ಬರುವಾಗ ಇನ್ನೊಂದ್ಸಲ ನೆತ್ತಿ ಮೇಲೆ ಬರ್ಬೇಕಲ್ವಾ ಅಂತ.

ಬಿಸಿಲೂರು (ಕಲಬುರಗಿ)
ಹೌದವ್ವ, ಬರ್ತಾನ. ನಮಗ ಆಗಸ್ಟ್ ಮೊದಲ ವಾರದಾಗ, ನಿಮಗ ಆಗಸ್ಟ್ 18ರ ಸುಮಾರಿಗಿ. ಮೋಡ ಇರ್ತಾವ, ಬಿಸಿಲು ಸಿಕ್ಕ್ರ ನಮ್ ಪುಣ್ಯ. ಆ ಸಲ ನೀ ಎರಡು ಮೀಟರ್ ಕೋಲು ತಯಾರಿಟ್ಕೋ, ನಾವೂ ಎರಡು ಮೀಟರಿಂದೇ ನಿಲ್ಲಿಸ್ತೀವಿ, ನೆರಳು ಉದ್ದ ಬಂದ್ರ ಒಂದು ಮಿಲಿಮೀಟರಿನ ತಪ್ಪು ಅರ್ಧಕ್ಕ ಇಳೀತದ. ಶಾಲಿ ಇರ್ತದ, ಹಂಗಾಗಿ ನಿಮ್ ಟೀಚರ್‌ಗ ಈಗಲೇ ಹೇಳಿಡು.